ವಿಮರ್ಶೆಗೆ ಮೊದಲೇ ತೀರ್ಪು

ಕಾಮ ಮತ್ತು ಮನಸ್ಸಿನ ತುಮುಲವನ್ನು ವಸ್ತುವಾಗಿಸಿಕೊಂಡ ಚಿತ್ರ ಬಂದಾಗಲೆಲ್ಲ ನಮ್ಮಲ್ಲಿ ವಿಮರ್ಶೆಗೆ ಮೊದಲೇ ತೀರ್ಪು ಹೊರಬೀಳುತ್ತದೆ. ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ' (1973) ಇದಕ್ಕೆ ನಿದರ್ಶನ. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ವಿವಾಹಿತೆ ಮಾಧವಿಯ ಅತೃಪ್ತ ಬಯಕೆಯನ್ನು ಜಯಂತಿಯವರೂ, ಅದಕ್ಕೆ ಸಿಲುಕಿದ ತರುಣನ ತಳಮಳವನ್ನು ಚಂದ್ರಶೇಖರ್ ಅವರೂ ಅಭಿನಯಿಸಿದರು.

ದಾವಣಗೆರೆಯಲ್ಲಿ ಅದು ಮರುಪ್ರದರ್ಶನಗೊಂಡಾಗ ನಾನು ವಿದ್ಯಾರ್ಥಿ. ಹರಿಹರದ ನಮ್ಮ ಹಿರಿಯ ಬಂಧುವೊಬ್ಬರು ಚಿತ್ರವನ್ನು ನೋಡದೆಯೇ ನಿಂದಿಸಿದರು; ನೋಡಿದ ನಾವು ಮೆಚ್ಚುಗೆಯನ್ನು ಹೇಳಲು ಅಂಜಿದೆವು. ಜಯಂತಿಯವರ ಅಭಿನಯಕ್ಕೆ ರಾಜ್ಯ ಪ್ರಶಸ್ತಿ ಸಂದಿತ್ತು. ನಮ್ಮ ಮನೆಯಲ್ಲಿ ಮಾತ್ರ ಮಾಧವಿಯ ಹೆಸರೆತ್ತುವಂತಿರಲಿಲ್ಲ.

ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ (1970) ಸುಪ್ರೀಂ ಕೋರ್ಟ್ ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿಹಿಡಿದರೂ, ಲೈಂಗಿಕತೆ ಮತ್ತು ಅಶ್ಲೀಲತೆ ಸದಾ ಒಂದೇ ಅಲ್ಲವೆಂದು ಸ್ಪಷ್ಟಪಡಿಸಿತು. ಈ ವಿವೇಕ ವಿಮರ್ಶಕರಿಗೂ ಬೇಕು.

ಮಾಧವಿ ಸಚ್ಚರಿತೆಯೇ ಎಂಬುದು ಪ್ರಶ್ನೆಯಲ್ಲ. ಅವಳ ಬಯಕೆಯನ್ನು ಅಷ್ಟು ಅನುಕಂಪದಿಂದ ಕಂಡ ಚಿತ್ರ ಕಡೆಗೆ ದುರಂತದತ್ತ ಸಾಗಿದ್ದು ಕಥೆಯ ಅನಿವಾರ್ಯತೆಯೋ, ಸಮಾಜಕ್ಕೆ ತೆತ್ತ ಸುಂಕವೋ? ಸುಂಕವೆಂದೇ ನನ್ನ ಅಭಿಪ್ರಾಯ. ಒಪ್ಪದವರು ವಾದಿಸಲಿ, ಆದರೆ ಚಿತ್ರವನ್ನು ನೋಡಿದ ಮೇಲೆ.