ತಪ್ಪು, ಲೆನ್ಸ್ ಬಳಸಿದವರದ್ದಷ್ಟೇ ಅಲ್ಲ

2006ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ನೇತ್ರತಜ್ಞರೊಬ್ಬರು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಗೆ ಒಂದು ಮಾಹಿತಿ ಮುಟ್ಟಿಸಿದರು. ಮೂರು ತಿಂಗಳಲ್ಲಿ ಮೂವರು ರೋಗಿಗಳ ಕಾರ್ನಿಯಾಕ್ಕೆ ಫ್ಯುಸೇರಿಯಂ ಶಿಲೀಂಧ್ರ ತಗುಲಿತ್ತು. ಮೂವರೂ ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತಿದ್ದರು. ಫ್ಯುಸೇರಿಯಂ ಮಣ್ಣು, ಗಿಡಗಳಲ್ಲಿ ಬದುಕುವ ಜೀವಿ. ದಕ್ಷಿಣ ಭಾರತದಲ್ಲಿ ಹೊಲದ ಕೆಲಸದಲ್ಲಿ ಗರಿ, ಹೊಟ್ಟು ತಾಗಿ ಕಣ್ಣಿಗೆ ಗಾಯವಾದ ರೈತರಲ್ಲಿ ಇದರ ಹುಣ್ಣು ವೈದ್ಯರಿಗೆ ಹೊಸದಲ್ಲ. ಗಾಯವೇ ಆಗದ ಕಣ್ಣುಗಳಲ್ಲಿ ಅದು ಕಾಣಿಸಿಕೊಂಡದ್ದೇ ಅನುಮಾನಕ್ಕೆ ಕಾರಣವಾಯಿತು.

ಅಷ್ಟರಲ್ಲಾಗಲೇ ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲೂ ಇಂಥ ಪ್ರಕರಣಗಳು ಪತ್ತೆಯಾಗಿದ್ದವು. ಅಮೆರಿಕದಲ್ಲಿ ತನಿಖೆ ನಡೆದಾಗ 33 ರಾಜ್ಯಗಳು ಮತ್ತು ಒಂದು ಪ್ರಾಂತ್ಯದಲ್ಲಿ 164 ಪ್ರಕರಣಗಳು ದೃಢಪಟ್ಟವು. ಸುಮಾರು ಮೂರನೇ ಒಂದರಷ್ಟು ಮಂದಿಗೆ ಕಾರ್ನಿಯಾ ಕಸಿ ಮಾಡಬೇಕಾಯಿತು. ರೋಗಿಗಳನ್ನೂ ಸೋಂಕಿಲ್ಲದ ಲೆನ್ಸ್ ಬಳಕೆದಾರರನ್ನೂ ಹೋಲಿಸಿ ನೋಡಿದಾಗ ಎದ್ದು ಕಂಡ ವ್ಯತ್ಯಾಸ, ಬಾಷ್ ಆ್ಯಂಡ್ ಲಾಂಬ್ ಕಂಪನಿಯ 'ರೆನ್ಯೂ ವಿತ್ ಮಾಯಿಶ್ಚರ್‌ಲಾಕ್' ಎಂಬ ಲೆನ್ಸ್ ಶುಚಿಗೊಳಿಸುವ ದ್ರಾವಣದ ಬಳಕೆ.

ಆದರೆ ಕಾರ್ಖಾನೆಯಲ್ಲಿ ಫ್ಯುಸೇರಿಯಂ ಸಿಗಲಿಲ್ಲ. ರೋಗಿಗಳಿಂದ ತೆಗೆದ ಶಿಲೀಂಧ್ರಗಳೂ ಒಂದೇ ವಂಶದವಾಗಿರಲಿಲ್ಲ. ಅಂದರೆ, ಸೋಂಕು ಬೆರೆತದ್ದು ಬಾಟಲಿ ಮನೆ ಸೇರಿದ ಮೇಲೆ. ತನಿಖೆ ಇಲ್ಲಿಗೇ ನಿಂತಿದ್ದರೆ ಹೊಣೆಯೆಲ್ಲ ಬಳಕೆದಾರರ ತಲೆಗೆ ಬೀಳುತ್ತಿತ್ತು. ಲೆನ್ಸ್ ಇಡುವ ಡಬ್ಬಿಯಲ್ಲಿ ಉಳಿದ ಹಳೆಯ ದ್ರಾವಣದ ಮೇಲೆಯೇ ಹೊಸದನ್ನು ಸುರಿಯುವುದು ತಪ್ಪು, ನಿಜ. ಆದರೆ ಆ ಅಭ್ಯಾಸ ಬಹಳ ಹಳೆಯದು. ರೋಗ ಹಠಾತ್ತನೆ ಹೆಚ್ಚಿದ್ದಕ್ಕೆ ಅದೊಂದೇ ವಿವರಣೆ ಸಾಲದು. ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ಗೆದ್ದ ಆ ದ್ರಾವಣ, ನೀರಿನಂಶ ಆರಿದಾಗ ಶಿಲೀಂಧ್ರವನ್ನು ತಡೆಯುವ ಬಲ ಕಳೆದುಕೊಳ್ಳುತ್ತಿತ್ತು ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿದವು. 2006ರ ಮೇ ತಿಂಗಳಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂಪಡೆಯಿತು.

ಮರುವರ್ಷವೇ ಅಕಾಂತಮೀಬಾ ಸೋಂಕಿನ ತನಿಖೆಯಿಂದಾಗಿ ಇನ್ನೊಂದು ಕಂಪನಿಯ ದ್ರಾವಣ ಮಾರುಕಟ್ಟೆಯಿಂದ ಹೊರಬಿತ್ತು. ಈ ಅಮೀಬಾ ಎದುರು ದ್ರಾವಣಗಳನ್ನು ಪರೀಕ್ಷಿಸಲೇಬೇಕೆಂಬ ನಿಯಮ ಆಗ ಇರಲಿಲ್ಲ.

ಜನ ಹೇಗೆ ಬಳಸಬೇಕು ಎಂಬುದರ ಜೊತೆಗೆ ನಿಜವಾಗಿ ಹೇಗೆ ಬಳಸುತ್ತಾರೆ ಎಂಬುದನ್ನೂ ಸುರಕ್ಷತಾ ಪರೀಕ್ಷೆ ಒಳಗೊಳ್ಳಬೇಕು. ಅವಸರದಲ್ಲಿರುವ, ಮರೆಯುವ, ಉಳಿತಾಯ ನೋಡುವ ಮನುಷ್ಯರಿಗಾಗಿಯೇ ಇಂಥ ವಸ್ತುಗಳು ತಯಾರಾಗುವುದು.

ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸಲು ಭಾರತದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮವಿದೆ. ಹುಬ್ಬಳ್ಳಿಯಲ್ಲೊಬ್ಬರು, ಮಂಗಳೂರಿನಲ್ಲೊಬ್ಬರು ಒಂದೇ ಬಗೆಯ ಸೋಂಕಿಗೆ ಚಿಕಿತ್ಸೆ ಪಡೆದರೂ ವರದಿ ಹೋಗದಿದ್ದರೆ ಅವೆರಡರ ನಂಟು ಯಾರಿಗೂ ತಿಳಿಯದು. ಲೆನ್ಸ್ ಬಳಸುವವರ ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅಂದೇ ವೈದ್ಯರಲ್ಲಿಗೆ ಹೋಗಬೇಕು. ಲೆನ್ಸ್, ಡಬ್ಬಿ, ಬಾಟಲಿಯನ್ನು ಎಸೆಯದೆ ಜೊತೆಗೊಯ್ಯಬೇಕು. ವೈದ್ಯರು ಹುಣ್ಣಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಬಳಸಿದ ದ್ರಾವಣದ ಹೆಸರು, ಬ್ಯಾಚ್ ಸಂಖ್ಯೆ ಬರೆದುಕೊಂಡು ವರದಿ ಮಾಡಬೇಕು. ಅಂದು ಮೂರು ಪ್ರಕರಣಗಳನ್ನು ಕಾಕತಾಳೀಯವೆಂದು ತಳ್ಳಿಹಾಕದ ವೈದ್ಯರಿಂದಾಗಿ ಇನ್ನೆಷ್ಟೋ ಕಣ್ಣುಗಳು ಉಳಿದವು. ಆ ಎಚ್ಚರ ನಮ್ಮಲ್ಲಿ ವ್ಯಕ್ತಿಯೊಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗದೆ ಪ್ರತಿ ಆಸ್ಪತ್ರೆಯ ಕಡ್ಡಾಯ ಕ್ರಮವಾಗಬೇಕು.