ಅದು ಅರಳುಮರಳಲ್ಲ, ಸನ್ನಿ



‘ಅರವತ್ತಕ್ಕೆ ಅರಳುಮರಳು’ ಎಂಬ ಮಾತಿನಿಂದ ಹಾನಿಯೂ ಆಗುತ್ತದೆ. ಪಾರ್ಕಿನ್ಸನ್ ಇರುವ ಹಿರಿಯರೊಬ್ಬರು ಮಂಗಳವಾರ ಸಂಜೆ ಪೇಪರ್ ಓದಿ ಮಲಗಿ, ಬುಧವಾರ ಬೆಳಿಗ್ಗೆ ಮನೆಯವರ ಗುರುತೇ ಹಿಡಿಯದಂತಾದರೆ ಅದು ವಯಸ್ಸಿನ ಮರೆವಲ್ಲ. ಮೈಯೊಳಗೆ ಏನೋ ಕೆಟ್ಟಿದೆ ಎಂದು ಮಿದುಳು ಕೂಗಿ ಹೇಳುತ್ತಿದೆ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಹಿಂದಿನವರು ಸನ್ನಿ ಎನ್ನುತ್ತಿದ್ದರು. ಜ್ವರ ನೆತ್ತಿಗೇರಿದಾಗ ಬಂದು, ಜ್ವರ ಇಳಿದ ಮೇಲೆ ಹೋಗುವಂಥದ್ದು ಅದು ಎಂಬುದು ಅವರಿಗೆ ಗೊತ್ತಿತ್ತು. ಮಗುವಿಗೆ ಸನ್ನಿ ಎಂದರೆ ನಡುರಾತ್ರಿ ಎದ್ದು ಓಡುವ ಮನೆಗಳೇ ಮುದುಕರ ಪಾಲಿಗೆ ಅರಳುಮರಳು ಎಂದು ಸುಮ್ಮನಾಗುತ್ತವೆ. ಆಸ್ಪತ್ರೆಗಳೂ ಹಾಗೆಯೇ ನಡೆದುಕೊಳ್ಳುತ್ತಿರುವುದಕ್ಕೆ ಈ ಪತ್ರ.

ಇದನ್ನು ಬರೆಯುತ್ತಿರುವವಳ ದೊಡ್ಡಪ್ಪ ಮಲೆನಾಡಿನವರು, 76 ವರ್ಷದ ನಿವೃತ್ತ ಮೇಷ್ಟ್ರು. ಪಾರ್ಕಿನ್ಸನ್ ಬಂದು ಏಳು ವರ್ಷ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6: ದೊಡ್ಡಮ್ಮನ ಮೊಬೈಲ್ ಕೂಗಿದ ಕೂಡಲೇ ಸ್ಟೀಲ್ ಡಬ್ಬಿಯಿಂದ ಲೆವೊಡೋಪ ಮಾತ್ರೆ. ಅಷ್ಟು ಕಟ್ಟುನಿಟ್ಟಾಗಿದ್ದುದರಿಂದಲೇ ಅವರು ಅಂಗಳದ ತನಕ ತಾವೇ ನಡೆದು ಬರುತ್ತಿದ್ದರು. ಕಳೆದ ಮಳೆಗಾಲದ ಒಂದು ರಾತ್ರಿ ಎದ್ದು ಕೂತು, “ಅಟ್ಟದ ಮೇಲೆ ಕರು ನಿಂತಿದೆ, ಇಳಿಸ್ರೋ” ಎಂದರು. ಸೊಸೆಯನ್ನು ಎಂದೋ ತೀರಿಹೋದ ಅಕ್ಕನ ಹೆಸರಿನಿಂದ ಕರೆದರು. ಬೆಳಕು ಹರಿಯುವವರೆಗೂ ಹೊದಿಕೆಯ ಅಂಚನ್ನು ಅಡಿಕೆ ಸುಲಿಯುವವರ ಹಾಗೆ ಸುಲಿಯುತ್ತಲೇ ಇದ್ದರು. ನೋಡಲು ಬಂದವರಲ್ಲಿ ಒಬ್ಬರು ಗಾಳಿ ಸೋಕಿದೆ ಎಂದರು, ಮತ್ತೊಬ್ಬರು ಇನ್ನು ಇಷ್ಟೇ ಎಂದರು.

ಪೇಟೆಯ ಆಸ್ಪತ್ರೆಯಲ್ಲಿ ಮೊದಲು ಕೈಬಿಟ್ಟದ್ದು ಆ ಸ್ಟೀಲ್ ಡಬ್ಬಿ. “ವಾರ್ಡಲ್ಲಿ ಹೊರಗಿನ ಮಾತ್ರೆ ಕೊಡೋ ಹಾಗಿಲ್ಲ” ಎಂದು ತೆಗೆದಿಟ್ಟರು. ಹತ್ತು ಗಂಟೆಯ ಮಾತ್ರೆ ಹನ್ನೆರಡಾದರೂ ಬರಲಿಲ್ಲ. ರಾತ್ರಿ ಕೂಗಾಟ ಹೆಚ್ಚಾದಾಗ ಹ್ಯಾಲೊಪೆರಿಡಾಲ್ ಚುಚ್ಚಿ, ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. ಬೆಳಿಗ್ಗೆ ನೋಡಿದರೆ ಮೈ ಕೊರಡು. ಬಾಯಿಗೆ ಹಾಕಿದ ಗಂಜಿ ಕಟವಾಯಿಯಿಂದ ಹೊರಗೆ ಇಳಿಯಿತು.

ಮೂರನೆಯ ದಿನ ಡ್ಯೂಟಿಗೆ ಬಂದ ಯುವ ವೈದ್ಯೆ ಮೂರು ಪ್ರಶ್ನೆ ಕೇಳಿದರು. ಮೂತ್ರ ಪರೀಕ್ಷೆ ಆಗಿದೆಯೇ? ಹೊಟ್ಟೆ ಹೋಗಿ ಎಷ್ಟು ದಿನವಾಯಿತು? ಈಚೆಗೆ ಹೊಸ ಮಾತ್ರೆ ಏನಾದರೂ ಸೇರಿದೆಯೇ? ಮೂತ್ರದಲ್ಲಿ ಸೋಂಕಿತ್ತು. ಮಲವಿಸರ್ಜನೆಯಾಗಿ ಐದು ದಿನವಾಗಿತ್ತು. ಕೈನಡುಕ ತಗ್ಗಲೆಂದು ಎರಡು ವಾರದ ಹಿಂದೆ ಟ್ರೈಹೆಕ್ಸಿಫೆನಿಡಿಲ್ ಶುರು ಮಾಡಿದ್ದರು. ವಯಸ್ಸಾದವರ ಬುದ್ಧಿಯನ್ನು ಅದು ಕದಡುತ್ತದೆ ಎಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ಮೊದಲ ದಿನವೇ ಯಾರಾದರೂ ಕೇಳಬಹುದಾಗಿದ್ದ ಪ್ರಶ್ನೆಗಳು ಇವು. ಇವುಗಳ ಜತೆಗೆ ನೀರಿನಂಶ ಮತ್ತು ಸೋಡಿಯಂ ಕಡಿಮೆಯಾಗಿರುವುದು, ನ್ಯುಮೋನಿಯ, ಮೂತ್ರ ಕಟ್ಟಿರುವುದು, ಬಿದ್ದು ತಲೆಗೆ ಪೆಟ್ಟಾಗಿರುವುದು, ಹೇಳಿಕೊಳ್ಳಲಾಗದ ನೋವು ಇವನ್ನೂ ನೋಡಬೇಕು.

ಹ್ಯಾಲೊಪೆರಿಡಾಲ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೊರತೆಯಿರುತ್ತದೆ. ಲೆವೊಡೋಪ ಅದನ್ನು ತುಂಬಿಕೊಡುತ್ತದೆ, ಹ್ಯಾಲೊಪೆರಿಡಾಲ್ ಅದರ ಕೆಲಸವನ್ನೇ ತಡೆಯುತ್ತದೆ. ವಾಂತಿಗೆಂದು ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆಂದು ಕೊಡುವ ಪ್ರೊಕ್ಲೋರ್‌ಪೆರಜಿನ್ ಕೂಡ ಇದೇ ಜಾತಿಯವು. ಬೇರೆ ರೋಗಿಗೆ ಇವು ಉಪಕಾರಿಯೇ ಇರಬಹುದು, ಪಾರ್ಕಿನ್ಸನ್ ಇರುವವರ ಮೈಯನ್ನು ಮಾತ್ರ ಮರಗಟ್ಟಿಸುತ್ತವೆ. ಭ್ರಮೆ ತಡೆಯಲಾಗದಷ್ಟಾದರೆ ಕಡಿಮೆ ಪ್ರಮಾಣದ ಕ್ವಟಯಪಿನ್ ಇದೆ, ಪದೇ ಪದೇ ರಕ್ತ ಪರೀಕ್ಷೆಯ ಎಚ್ಚರದೊಂದಿಗೆ ಕೊಡುವ ಕ್ಲೊಜಪಿನ್ ಇದೆ. ಇನ್ನು ಲೆವೊಡೋಪವನ್ನು ಹಠಾತ್ತನೆ ನಿಲ್ಲಿಸಿದರೆ ವಿಪರೀತ ಜ್ವರ ಬಂದು, ಮೈ ಸೆಟೆದು, ಜೀವಕ್ಕೇ ಕುತ್ತಾಗಬಹುದು. ಹಾಲು, ಬೇಳೆಯಂಥ ಪ್ರೋಟೀನಿನ ಜತೆ ಕೊಟ್ಟರೆ ಅದು ಮೈಗೆ ಹತ್ತುವುದೂ ಕಡಿಮೆ. ‘ಊಟ ಆದಮೇಲೆ ಎಲ್ಲರಿಗೂ ಮಾತ್ರೆ’ ಎಂಬ ವಾರ್ಡಿನ ರೂಢಿ ಈ ರೋಗಿಗೆ ಹೊಂದುವುದಿಲ್ಲ.

ಇದು ಬದಲಾಗದ ವ್ಯವಸ್ಥೆಯೇನಲ್ಲ. ಬ್ರಿಟನ್ನಿನಲ್ಲಿ ಪಾರ್ಕಿನ್ಸನ್ ರೋಗಿಗಳ ಸಂಘಟನೆ 2006ರಲ್ಲೇ ‘ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗಲಿ’ ಎಂಬ ಚಳವಳಿ ಹೂಡಿತು. ಆಸ್ಪತ್ರೆಯಲ್ಲಿರಲಿ, ಆರೈಕೆ ಮನೆಯಲ್ಲಿರಲಿ, ಬರೆದುಕೊಟ್ಟ ಸಮಯದಿಂದ 30 ನಿಮಿಷದೊಳಗೆ ಲೆವೊಡೋಪ ಸಿಗಬೇಕೆಂದು ಅಲ್ಲಿನ ಗುಣಮಟ್ಟದ ಮಾನದಂಡ ಈಗ ಹೇಳುತ್ತದೆ. ಸನ್ನಿಯನ್ನು ತಡೆಯುವ ಬಗ್ಗೆ ಅಮೆರಿಕದ ಯೇಲ್‌ನ ವೈದ್ಯೆ ಶರನ್ ಇನೌಯಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 70 ದಾಟಿದ 852 ಒಳರೋಗಿಗಳು. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ 15ರಷ್ಟು ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಕಾಳಜಿ ಪಡೆದವರಲ್ಲಿ ಶೇ 9.9ರಷ್ಟು ಮಂದಿಗೆ. ಆ ಕಾಳಜಿಯಾದರೂ ಎಂಥದ್ದು? ಕನ್ನಡಕ ಕೊಡುವುದು, ಕಿವಿಯ ಯಂತ್ರ ಹಾಕುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ನಿದ್ದೆಗೆ ಬಿಡುವುದು, ಇವತ್ತು ಯಾವ ವಾರ, ನೀವೆಲ್ಲಿದ್ದೀರಿ ಎಂದು ಹೇಳುತ್ತಿರುವುದು. ದೊಡ್ಡಪ್ಪನ ಕನ್ನಡಕ ಅಷ್ಟೂ ದಿನ ಬ್ಯಾಗಿನ ತಳದಲ್ಲಿತ್ತು.

ಕಾನೂನಿನ ಕೊರತೆಯೂ ಇಲ್ಲ. ಮಕ್ಕಳು ಆಸ್ತಿ ಬರೆಸಿಕೊಂಡು ಹೆತ್ತವರನ್ನು ಕೈಬಿಟ್ಟ ಸುದ್ದಿ ಬಂದಾಗ ಮಾತ್ರ ಎಲ್ಲರಿಗೂ ನೆನಪಾಗುವ 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 20ನೇ ಸೆಕ್ಷನ್ ನೋಡಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಹಿರಿಯರಿಗೆ ಮೀಸಲಾದ ಸೌಲಭ್ಯವಿರಬೇಕು, ಹಿರಿಯರ ಆರೈಕೆಯಲ್ಲಿ ಅನುಭವವಿರುವ ವೈದ್ಯಾಧಿಕಾರಿ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ. ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆಗುಳಿತನಗಳಿಗೆ ಒತ್ತು ಕೊಟ್ಟಿತು. ಬಹಳ ಒಳ್ಳೆಯ ಕೆಲಸ. ಅದೇ ಜಾಲದಲ್ಲಿ ಸನ್ನಿಯನ್ನು ಗುರುತಿಸುವ ತರಬೇತಿಯನ್ನೂ ಕೊಡಿಸಬಹುದಲ್ಲವೇ? ಎಡಿನ್‌ಬರೋದಲ್ಲಿ ರೂಪುಗೊಂಡ 4ಎಟಿ ಎಂಬ ಪರೀಕ್ಷೆಗೆ ಎರಡು ನಿಮಿಷ ಸಾಕು, ಯಂತ್ರವೇನೂ ಬೇಡ. ಕೂಗಾಡದೆ ಮಂಕಾಗಿ ಮಲಗಿಯೇ ಇರುವ ಸನ್ನಿಯೂ ಉಂಟು. ‘ಪಾಪ, ಸುಸ್ತಾಗಿದ್ದಾರೆ’ ಎಂದು ಮನೆಯವರೂ ನರ್ಸೂ ಬಿಟ್ಟುಬಿಡುವುದು ಅದನ್ನೇ. ಈ ಪರೀಕ್ಷೆ ಅಂಥದ್ದನ್ನೂ ಹಿಡಿಯುತ್ತದೆ.

ಇನ್ನೊಂದು ಸಂಗತಿ ಮನೆಮಂದಿಗೆ ಸೇರಿದ್ದು. ನಾಲ್ಕನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಕ್ಕಳು ವೃದ್ಧಾಶ್ರಮಕ್ಕೆ ಮುಂಗಡ ಕೊಡುವ ಮಾತಾಡಿದರು. ಅವರು ಕೆಟ್ಟವರಲ್ಲ. ಮೂರು ರಾತ್ರಿ ನಿದ್ದೆಗೆಟ್ಟವರು, ದೊಡ್ಡಮ್ಮನೊಬ್ಬಳಿಂದ ಇದೆಲ್ಲ ಆಗದು ಎಂದು ಹೆದರಿದವರು. “ಇವರಿಗೆ ತಲೆ ಹೋಗಿದೆ, ಇನ್ನು ಮನೆಯಲ್ಲಿ ಕಷ್ಟ” ಎಂದು ಅವರಿಗೆ ಹೇಳಿದ್ದೂ ಆಸ್ಪತ್ರೆಯವರೇ. ಸನ್ನಿಯಲ್ಲಿರುವ ಮನುಷ್ಯನನ್ನು ನೋಡಿ ಅವರ ಮುಂದಿನ ಬದುಕನ್ನು ತೀರ್ಮಾನಿಸುವುದು ತಪ್ಪು. ಕಾರಣಕ್ಕೆ ಚಿಕಿತ್ಸೆಯಾಗಿ, ಕೆಲವು ವಾರ ಕಳೆದ ಮೇಲೆ ನೋಡಬೇಕು. ಎಲ್ಲರೂ ಮೊದಲಿನಂತಾಗುವುದಿಲ್ಲ ಎಂಬುದೂ ನಿಜ. ಪಾರ್ಕಿನ್ಸನ್‌ನಲ್ಲಿ ನಿಧಾನವಾಗಿ ಮರೆವು ಕವಿಯುವುದುಂಟು, ಮಾತ್ರೆಗಳಿಂದಲೇ ಇಲ್ಲದ್ದು ಕಾಣುವುದುಂಟು, ಆಶ್ರಮವೇ ಸರಿಯಾದ ಜಾಗ ಎನ್ನುವ ಮನೆಗಳೂ ಇವೆ. ಆದರೆ ಆ ನಿರ್ಧಾರದ ಹೊತ್ತಿಗೆ ಹಿರಿಯರೂ ಎಚ್ಚರದಲ್ಲಿದ್ದು ಮಾತಾಡುವಂತಿರಬೇಕು. ಗುಣವಾಗದ ಕೊನೆಯ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳು ಬೇಕೇ ಬೇಡವೇ ಎಂದು ಮುಂಚೆಯೇ ಬರೆದಿಡಲು 2025ರ ಜನವರಿಯ ಕೊನೆಯಲ್ಲಿ ಕರ್ನಾಟಕ ಸರ್ಕಾರ ದಾರಿ ಮಾಡಿಕೊಟ್ಟಿತು. ಅಂಥ ಪತ್ರ ಬರೆಯಲು ಕೂತ ದಿನವೇ, ನನಗೆ ಬುದ್ಧಿ ಕದಡಿದರೆ ಯಾರು ಮಾತಾಡಬೇಕು, ಎಲ್ಲಿ ಇರಿಸಬೇಕು, ಯಾವ ಔಷಧ ಕೂಡದು ಎಂಬುದನ್ನೂ ಬೇರೆ ಹಾಳೆಯಲ್ಲಿ ಬರೆದಿಡಬಹುದು.

ದೊಡ್ಡಪ್ಪ ತಿಳಿಯಾಗಲು ಮೂರು ವಾರ ಹಿಡಿಯಿತು. ಒಂದು ಬೆಳಿಗ್ಗೆ ಪೇಪರ್ ಕೇಳಿದರು. ಆಮೇಲೆ ಮಣಿಕಟ್ಟಿನ ಕಪ್ಪು ಗುರುತು ಸವರುತ್ತ, “ಕೈ ಯಾಕೆ ಕಟ್ಟಿದ್ರಿ?” ಎಂದರು. ಮನೆಯಲ್ಲಿ ಯಾರಿಗೂ ಉತ್ತರ ಹೇಳಲಾಗಲಿಲ್ಲ.

ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಪಾರ್ಕಿನ್ಸನ್ ರೋಗಿಯ ಮಾತ್ರೆ ಮನೆಯ ವೇಳಾಪಟ್ಟಿಯಂತೆಯೇ ವಾರ್ಡಿನಲ್ಲೂ ಸಿಗಲಿ. ಆಸ್ಪತ್ರೆಯಲ್ಲಿ ಆ ಔಷಧ ಇಲ್ಲದಿದ್ದರೆ ಮನೆಯವರ ಡಬ್ಬಿಗೆ ಅನುಮತಿ ಇರಲಿ. ಪಾರ್ಕಿನ್ಸನ್ ಇರುವವರ ಮೈ ಮರಗಟ್ಟಿಸುತ್ತವೆ ಎಂದು ಮೇಲೆ ಹೇಳಿದ ಮೂರು ಔಷಧಗಳ ಹೆಸರು ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಕನ್ನಡದಲ್ಲಿ ಗೋಡೆಗೆ ಬೀಳಲಿ. ದೊಡ್ಡಪ್ಪ ಸುತ್ತೋಲೆಗೆ ಕಾದಿಲ್ಲ. ರಟ್ಟಿನ ತುಂಡಿನ ಮೇಲೆ ಆ ಮೂರು ಹೆಸರನ್ನೂ ತಮ್ಮ ಮಾತ್ರೆಯ ನಾಲ್ಕು ಹೊತ್ತನ್ನೂ ತಾವೇ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದಾರೆ. ಕರಿಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದ ಕೈ ಅದು. ಈಗ ಅಕ್ಷರಗಳು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಸಿವೆಯಷ್ಟಾಗಿವೆ, ಓದಲು ಕಣ್ಣಿನ ಹತ್ತಿರಕ್ಕೆ ಹಿಡಿಯಬೇಕು.

— ಓದುಗಳೊಬ್ಬಳು, ಶಿವಮೊಗ್ಗ ಜಿಲ್ಲೆ