ಮೊದಲ ಸ್ಥಾನಕ್ಕೆ ಅಡ್ಡದಾರಿ ಇಲ್ಲ

ಬಾಗಲಕೋಟೆ ಜಿಲ್ಲೆಯಿಂದ ತಂದೆಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇಳಕಲ್ ಸೀರೆ ನೇಯುತ್ತಾರೆ. ಬಿ.ಸಿ.ಎ. ಕೊನೆಯ ವರ್ಷದಲ್ಲಿರುವ ಮಗ ಕಳೆದ ರಜೆಯಲ್ಲಿ ಕೂತು ವ್ಯಾಪಾರಕ್ಕೆಂದು ಒಂದು ವೆಬ್‌ಸೈಟ್ ಮಾಡಿಕೊಟ್ಟ. ಮನೆಮಂದಿಗೆಲ್ಲ ಹಿಗ್ಗೋ ಹಿಗ್ಗು. ಆದರೆ ಆರು ತಿಂಗಳಾದರೂ ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿದರೆ ಅದರ ಸುಳಿವಿಲ್ಲ. ಈ ನಡುವೆ ಯಾವುದೋ ಸಂಸ್ಥೆಯವರು ಫೋನ್ ಮಾಡಿ, ಮೂವತ್ತು ಸಾವಿರ ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ ಎಂದಿದ್ದಾರಂತೆ. ‘ಹಣ ಕೊಡಬಹುದೇ? ಮೂರು ವರ್ಷ ಓದಿಸಿದ್ದೇನಲ್ಲ, ಮಗ ಕಲಿತದ್ದು ಇಷ್ಟೇನೇ?’ ಎಂದು ಅವರು ಕೇಳಿದ್ದಾರೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ದಯವಿಟ್ಟು ಕೊಡಬೇಡಿ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಹೇಳಿದೆ. ಹಣ ಕೊಟ್ಟು ಜಾಹೀರಾತು ಹಾಕಿಸಬಹುದು, ಆದರೆ ಅದರ ಮೇಲೆ ಜಾಹೀರಾತು ಎಂಬ ಗುರುತು ಇದ್ದೇ ಇರುತ್ತದೆ. ಅದರ ಕೆಳಗೆ ಬರುವ ಸಹಜ ಫಲಿತಾಂಶಗಳಲ್ಲಿ ಜಾಗ ಮಾರಾಟಕ್ಕಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಈ ಶೋಧಯಂತ್ರ ಕೆಲಸ ಮಾಡುವುದು ಹೇಗೆ ಎಂದು ಸ್ವಲ್ಪ ತಿಳಿದುಕೊಳ್ಳೋಣ.

ಗೂಗಲ್‌ನ ತಂತ್ರಾಂಶ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಸಾಗುತ್ತ ಕಂಡದ್ದನ್ನೆಲ್ಲ ಓದುತ್ತದೆ. ಓದಿದ್ದನ್ನು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥ ದೊಡ್ಡ ಪಟ್ಟಿಯಲ್ಲಿ ಸೇರಿಸುತ್ತದೆ. ನಾವು ಏನಾದರೂ ಕೇಳಿದಾಗ ಆ ಪಟ್ಟಿಯಿಂದ ಹೊಂದುವ ಪುಟಗಳನ್ನು ಆಯ್ದು ಸಾಲಾಗಿ ನಿಲ್ಲಿಸುತ್ತದೆ. ಮೊದಮೊದಲ ಶೋಧಯಂತ್ರಗಳು ಬಹುಮಟ್ಟಿಗೆ ಪದಗಳನ್ನೇ ನಂಬಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದಾಗ ಅದಕ್ಕೆ ಬೇರೊಂದು ವಿಚಾರವನ್ನು ಸೇರಿಸಿದ್ದರು. ಒಂದು ಪುಟಕ್ಕೆ ಬೇರೆಯವರು ಕೊಟ್ಟ ಕೊಂಡಿ ಎಂದರೆ ಒಂದು ಶಿಫಾರಸು, ಮತ್ತು ಗಣ್ಯರ ಶಿಫಾರಸಿಗೆ ತೂಕ ಹೆಚ್ಚು. ಇಂದು ಇಂಥ ನೂರಾರು ಸಂಗತಿಗಳನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಲ್ಲದರ ಗುರಿ ಒಂದೇ. ಹುಡುಕಿ ಬಂದವನಿಗೆ ಬೇಕಾದದ್ದು ಯಾವುದು ಎಂದು ಊಹಿಸುವುದು. ಈ ಮಾತು ಮರೆತು ಯಂತ್ರವನ್ನೇ ಮೆಚ್ಚಿಸಲು ಹೊರಟಾಗ ತಪ್ಪುಗಳು ಶುರುವಾಗುತ್ತವೆ.

ಕಾಗದದ ಕೊನೆಯಲ್ಲಿ ವೆಬ್‌ಸೈಟಿನ ವಿಳಾಸವಿತ್ತು. ತೆರೆದು ನೋಡಿದೆ. ಅಂದವಾಗಿಯೇ ಇದೆ. ಪುಟದ ತಳದಲ್ಲಿ ಮಾತ್ರ ಖಾಲಿ ಬಿಳಿ ಜಾಗ ಹೆಚ್ಚಾಯಿತು ಅನ್ನಿಸಿತು. ಮೌಸ್ ಹಿಡಿದು ಎಳೆದರೆ, ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಇಳಕಲ್ ಸೀರೆ ಇಳಕಲ್ ಸೀರೆ’ ಎಂದು ಹತ್ತಾರು ಸಾಲು! ಇದೇ ಮೊದಲನೆಯ ತಪ್ಪು. ಓದುಗನಿಗೆ ಕಾಣದ್ದನ್ನು ಯಂತ್ರಕ್ಕೆ ಮಾತ್ರ ತೋರಿಸುವುದು ಮೋಸವೆಂದೇ ಲೆಕ್ಕ. ದೊಡ್ಡವರೂ ಈ ಚಪಲಕ್ಕೆ ಬಿದ್ದದ್ದುಂಟು. 2006ರ ಫೆಬ್ರವರಿಯಲ್ಲಿ ಬಿ.ಎಂ.ಡಬ್ಲ್ಯು. ಕಾರು ಕಂಪನಿಯ ಜರ್ಮನ್ ವೆಬ್‌ಸೈಟನ್ನು ಗೂಗಲ್ ತನ್ನ ಪಟ್ಟಿಯಿಂದಲೇ ತೆಗೆದುಹಾಕಿತು. ‘ಹಳೆಯ ಕಾರು’ ಎಂಬರ್ಥದ ಜರ್ಮನ್ ಪದವನ್ನು ತುಂಬಿದ ಪುಟಗಳನ್ನು ಯಂತ್ರಕ್ಕೆ ತೋರಿಸಿ, ಬಂದ ಜನರನ್ನು ಬೇರೆಯೇ ಪುಟಕ್ಕೆ ಕಳಿಸುತ್ತಿದ್ದರು. ಆ ಪುಟಗಳನ್ನು ಕಿತ್ತುಹಾಕಿದ ಮೇಲೆಯೇ ವೆಬ್‌ಸೈಟಿಗೆ ಮತ್ತೆ ಪ್ರವೇಶ ಸಿಕ್ಕಿತು.

ಎರಡನೆಯ ತಪ್ಪು ಶಿಫಾರಸನ್ನು ಕೊಳ್ಳುವುದು. ಆ ಮೂವತ್ತು ಸಾವಿರದ ಸಂಸ್ಥೆಯವರು ‘ಐನೂರು ಕೊಂಡಿ ಕೊಡಿಸುತ್ತೇವೆ’ ಎಂದಿದ್ದಾರಂತೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸಂಸ್ಥೆಯ ಕಥೆ ಇಲ್ಲಿ ನೆನಪಿಡಬೇಕು. 2010ರ ಕೊನೆಯ ತಿಂಗಳುಗಳಲ್ಲಿ ಉಡುಪು, ಹಾಸಿಗೆ, ಪೀಠೋಪಕರಣ, ಏನನ್ನು ಹುಡುಕಿದರೂ ಅದೇ ಮುಂದೆ ಬರುತ್ತಿತ್ತು. 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದರ ಬೆನ್ನು ಹತ್ತಿದಾಗ, ಉಡುಪಿಗೂ ಹಾಸಿಗೆಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದಕ್ಕೆ ಕೊಂಡಿ ನೆಟ್ಟಿರುವುದು ಬಯಲಾಯಿತು. ತನಗಿದು ಗೊತ್ತೇ ಇರಲಿಲ್ಲ ಎಂದ ಸಂಸ್ಥೆ, ತಾನು ನೇಮಿಸಿಕೊಂಡಿದ್ದ ಸಲಹೆಗಾರರನ್ನು ಕೈಬಿಟ್ಟಿತು. ಅಷ್ಟರಲ್ಲಿ ಗೂಗಲ್ ಶಿಕ್ಷೆ ವಿಧಿಸಿಯಾಗಿತ್ತು. ‘ಲಿವಿಂಗ್ ರೂಮ್ ಫರ್ನಿಚರ್’ ಎಂಬ ಹುಡುಕಾಟದಲ್ಲಿ ಒಂದೇ ಸಂಜೆಯ ಅವಧಿಯಲ್ಲಿ 1ನೇ ಸ್ಥಾನದಿಂದ 68ಕ್ಕೆ ಕುಸಿತ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಲಹೆಗಾರ ಮಾಡಿದ ತಪ್ಪಿಗೂ ದಂಡ ತೆರುವವನು ವೆಬ್‌ಸೈಟಿನ ಒಡೆಯನೇ ಎಂಬುದನ್ನು ಗಮನಿಸಿ.

ಮೂರನೆಯದು ನಕಲು. ನಮ್ಮ ಹುಡುಗ ಸೀರೆಗಳ ವಿವರಣೆಯನ್ನು ದೊಡ್ಡ ಮಾರಾಟ ತಾಣವೊಂದರಿಂದ ಎತ್ತಿ ಇಟ್ಟಿದ್ದಾನೆ. ಒಂದೇ ಉತ್ತರ ನೂರು ಪತ್ರಿಕೆಗಳಲ್ಲಿದ್ದರೆ ಪರೀಕ್ಷಕರು ಏನೆಂದುಕೊಳ್ಳುತ್ತಾರೋ ಯಂತ್ರವೂ ಬಹುತೇಕ ಅದನ್ನೇ ಅಂದುಕೊಳ್ಳುತ್ತದೆ. ಹತ್ತು ಕಡೆ ಇರುವುದನ್ನು ಹನ್ನೊಂದನೆಯ ಸಲ ತೋರಿಸಲು ಅದಕ್ಕೆ ಕಾರಣವಿಲ್ಲ. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಗಂಟೆಗೆ ನೂರು ಪುಟ ಬರೆಸುವ ಹುಚ್ಚೂ ಹತ್ತಿದೆ. ಕೇವಲ ಸ್ಥಾನ ಗಿಟ್ಟಿಸಲು ರಾಶಿಗಟ್ಟಲೆ ಪುಟ ಹುಟ್ಟಿಸುವುದು, ಅದನ್ನು ಮನುಷ್ಯ ಬರೆಯಲಿ, ಯಂತ್ರ ಬರೆಯಲಿ, ನಿಯಮಕ್ಕೆ ವಿರುದ್ಧ ಎಂದು ಗೂಗಲ್ 2024ರ ಮಾರ್ಚ್‌ನಲ್ಲಿ ಸಾರಿದೆ.

ನಾಲ್ಕನೆಯ ತಪ್ಪು ಕನ್ನಡಿಗರಲ್ಲಿ ಹೆಚ್ಚು. ಆ ಮನೆತನದ ನೇಯ್ಗೆಯ ಕಥೆ ಕನ್ನಡದಲ್ಲಿ ಸೊಗಸಾಗಿದೆ. ಆದರೆ ಅದು ಎಂದೋ ಡಿ.ಟಿ.ಪಿ. ಮಾಡಿಸಿದ ಕರಪತ್ರದ ಚಿತ್ರ! ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದೀತೆಂದು ನಂಬಿ ಕೂರುವಂತಿಲ್ಲ. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕನ್ನಡದ ಗತಿಯೂ ಅಷ್ಟೇ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಮಾತ್ರ ಯಂತ್ರಕ್ಕೂ ಕನ್ನಡವೇ. ಹಳೆಯದನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಬಳಸಿ.

ಐದನೆಯದು ಬಾಗಿಲು ಹಾಕಿಕೊಂಡು ಅತಿಥಿಗೆ ಕಾಯುವುದು. ವೆಬ್‌ಸೈಟ್ ಕಟ್ಟುವಾಗ ‘ಇದನ್ನು ಪಟ್ಟಿಗೆ ಸೇರಿಸಬೇಡ’ ಎಂಬ ಸೂಚನೆ ಹಾಕಿಟ್ಟು, ಮುಗಿದ ಮೇಲೆ ತೆಗೆಯಲು ಮರೆಯುವವರು ಬಹಳ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ನೋಂದಾಯಿಸಿಕೊಂಡರೆ ಯಾವ ಪುಟ ಸೇರಿದೆ, ಯಾವುದು ಸೇರಿಲ್ಲ, ಏಕೆ ಎಂಬುದೆಲ್ಲ ತಿಳಿಯುತ್ತದೆ. ಗೂಗಲ್ ಈಗ ಪುಟಗಳ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುವುದರಿಂದ ಅಪ್ಪನ ಫೋನಿನಲ್ಲಿ ಪುಟ ಹೇಗೆ ಕಾಣುತ್ತದೆ ಎಂದು ಮಗ ಒಮ್ಮೆ ನೋಡಲಿ.

ಕೊನೆಯದು ಆತುರ. ದಿನಕ್ಕೊಮ್ಮೆ ಶೀರ್ಷಿಕೆ ಬದಲಿಸಿ, ಗಂಟೆಗೊಮ್ಮೆ ಸ್ಥಾನ ನೋಡುವವರಿದ್ದಾರೆ. ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡಿದರೆ ಮೊಳಕೆ ಬಂದೀತೇ? ಕೆಲವು ಬದಲಾವಣೆಗಳ ಫಲ ಗಂಟೆಗಳಲ್ಲಿ ಕಾಣಬಹುದು, ಕೆಲವಕ್ಕೆ ತಿಂಗಳುಗಳೇ ಬೇಕು. ಅಲ್ಲದೆ ಹುಡುಕುವವರ ಊರು, ಭಾಷೆಗಳ ಮೇಲೆ ಫಲಿತಾಂಶ ಬದಲಾಗುತ್ತದೆ. ನಿಮ್ಮ ಫೋನಿನಲ್ಲಿ ಕಂಡ ಸ್ಥಾನವೇ ಬೆಂಗಳೂರಿನ ಗ್ರಾಹಕರಿಗೂ ಕಾಣಬೇಕೆಂದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಈಗ ತಂದೆಯವರ ಎರಡನೆಯ ಪ್ರಶ್ನೆಗೆ ಬರೋಣ. ಸ್ವಾಮಿ, ನಿಮ್ಮ ಮಗ ಕಲಿತದ್ದು ಕಡಿಮೆಯೇನಲ್ಲ. ಅವನಿಗೆ ಪುಟ ಕಟ್ಟಲು ಬರುತ್ತದೆ. ಆ ಬಿಳಿ ಸಾಲುಗಳನ್ನು ಅಳಿಸಲು ಐದು ನಿಮಿಷ ಸಾಕು. ಅವನ ಬಳಿ ಇಲ್ಲದಿರುವುದು ನಿಮ್ಮ ಬಳಿ ಇದೆ. ಕೈಮಗ್ಗದ ಸೀರೆಗೂ ವಿದ್ಯುತ್ ಮಗ್ಗದ್ದಕ್ಕೂ ವ್ಯತ್ಯಾಸವೇನು, ಬಣ್ಣ ಬಿಡುತ್ತದೆಯೇ, ಮೊದಲ ಸಲ ಒಗೆಯುವುದು ಹೇಗೆ, ಟೋಪ್ ತೆನಿ ಸೆರಗು ಎಂದರೇನು ಎಂದೆಲ್ಲ ಗಿರಾಕಿಗಳು ನಿಮ್ಮನ್ನು ದಿನವೂ ಕೇಳುತ್ತಾರಲ್ಲ, ಅವೇ ಪ್ರಶ್ನೆಗಳನ್ನು ಜನ ಗೂಗಲ್‌ನಲ್ಲೂ ಕೇಳುತ್ತಾರೆ. ಬರೀ ‘ಇಳಕಲ್ ಸೀರೆ’ ಎಂಬ ಎರಡು ಪದಕ್ಕೆ ದೊಡ್ಡ ದೊಡ್ಡ ಅಂಗಡಿಗಳೊಡನೆ ಸೆಣಸುವುದು ಕಷ್ಟ. ಆದರೆ ಈ ಪ್ರಶ್ನೆಗಳಿಗೆ ಮಗ್ಗದ ಮುಂದೆ ಕೂತವರಷ್ಟು ಚೆನ್ನಾಗಿ ಉತ್ತರಿಸಬಲ್ಲವರು ಯಾರು?

ಒಂದು ಸಂಜೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಹೇಳಿ, ಅವನು ಬರೆದುಕೊಳ್ಳಲಿ. ಪ್ರಶ್ನೆಗೊಂದು ಪುಟ, ಪುಟಕ್ಕೊಂದು ಸ್ಪಷ್ಟ ಶೀರ್ಷಿಕೆ, ನಿಮ್ಮದೇ ಮಗ್ಗದ ಚಿತ್ರ, ಚಿತ್ರದ ಕೆಳಗೆ ಅದರ ವಿವರ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ಕೊಂಡಿ ಕಳ್ಳತನದ್ದಾದರೆ ಸೀರೆ ನಿಂತೀತೇ? ವೆಬ್‌ಸೈಟಿನ ಕೊಂಡಿಯೂ ಹಾಗೆಯೇ. ನಿಮ್ಮ ಬರಹ ಓದಿ ಮೆಚ್ಚಿದವರು ತಾವಾಗಿ ಕೊಟ್ಟ ಒಂದು ಕೊಂಡಿ, ಕೊಂಡು ತಂದ ಐನೂರಕ್ಕಿಂತ ಗಟ್ಟಿ.

ಮೊದಲ ಸ್ಥಾನ ಬಂದೇ ಬರುತ್ತದೆಂದು ನಾನೂ ಖಾತರಿ ಕೊಡಲಾರೆ. ಆದರೆ ಹುಡುಕಿ ಬಂದವರು ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಆ ಮೂವತ್ತು ಸಾವಿರ ಮನೆಯಲ್ಲೇ ಇರಲಿ. ನೂಲಿಗಾದರೂ ಆದೀತು.